ಉಜ್ಜಿನಿ ಒಳಗ ನೋಡು



ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಹಿರಿಯರು ಮೂರು ಷರತ್ತು ಬರೆದಿಟ್ಟು ಹೋಗಿದ್ದಾರೆ. ಕಾರ್ಯದರ್ಶಿಗಳು ಅವನ್ನು ನನಗೆ ಫೋನಿನಲ್ಲೇ ಓದಿ ಹೇಳಿದರು. ಉಪನ್ಯಾಸ ಕನ್ನಡದಲ್ಲಿರಬೇಕು. ಅಚ್ಚಾದ ಪುಸ್ತಿಕೆಯನ್ನು ಯಾರು ಬೇಕಾದರೂ ಮರುಮುದ್ರಿಸಬಹುದು, ಆದರೆ ಮಾತಾಡಿದವರ ಹೆಸರು ಕೀಳಬಾರದು, ಮಾತನ್ನು ತಿದ್ದಿದರೆ ತಿದ್ದಿದ್ದೇವೆ ಅಂತ ಹೇಳಬೇಕು. ಮೂರನೆಯದು, ದತ್ತಿ ಕೊಟ್ಟವರ ಹೆಸರು ಎಲ್ಲೂ ಬರಬಾರದು. ನಾನು ನಕ್ಕೆ. "ಯಾಕೆ ನಗ್ತೀರಿ?" ಅಂದರು. "ಏನಿಲ್ಲ ಸರ್, ನಾನು ಬಂದು ಒಂದು ಗಂಟೆ ಹೇಳಬೇಕು ಅಂದುಕೊಂಡದ್ದನ್ನು ನಿಮ್ಮ ದಾನಿಗಳು ಮೂರು ಸಾಲಿನಲ್ಲಿ ಬರೆದುಬಿಟ್ಟಿದ್ದಾರೆ" ಅಂದೆ. ಸಾಫ್ಟ್‌ವೇರಿನವರು ಲೈಸೆನ್ಸ್ ಅನ್ನುವುದು ಇದನ್ನೇ. ಕೊಡುವವರು ಏನು ಕೊಡುತ್ತಾರೆ, ತೆಗೆದುಕೊಳ್ಳುವವರು ಏನು ಮಾಡಬಹುದು, ಏನು ಮಾಡಬಾರದು.

ದತ್ತಿ ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಶಾಸನಗಳು ಸಿಕ್ಕಿವೆ. ನೀಲಗುಂದದಲ್ಲಿ, ಹಿರೇಹಡಗಲಿಯಲ್ಲಿ, ಅಂಬಳಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳು ನಿಂತಿವೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕಟ್ಟು ಗೊತ್ತು: ಕೊಟ್ಟವನು ಯಾರು, ಯಾರ ಕೈಗೆ, ಎಷ್ಟು ಮತ್ತರು ನೆಲ, ನಾಲ್ಕು ದಿಕ್ಕಿಗೆ ಎಲ್ಲೆ ಯಾವುದು, ಯಾವ ತೆರಿಗೆ ಬಿಟ್ಟಿದೆ. ಕೊನೆಯಲ್ಲಿ ಶಾಪ. ತಾನು ಕೊಟ್ಟದ್ದಿರಲಿ, ಇನ್ನೊಬ್ಬರು ಕೊಟ್ಟದ್ದಿರಲಿ, ಅದನ್ನು ಕಸಿದವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳವಾಗಿ ಹುಟ್ಟುತ್ತಾನೆ.

ಕೆಲವು ಶಾಸನಗಳಲ್ಲಿ ಇನ್ನೊಂದು ಮಾತು ಬರುತ್ತದೆ. ಅದರ ಮೇಲೆ ನಾವು ಅಷ್ಟಾಗಿ ಕಣ್ಣು ಹಾಯಿಸುವುದಿಲ್ಲ. ಇಷ್ಟು ಮತ್ತರು ಅಂತ ಹೇಳಿ ಬಿಡುವುದಿಲ್ಲ, ಇಂಥ ಗಳೆಯಲ್ಲಿ ಅಳೆದು ಇಷ್ಟು ಅನ್ನುತ್ತವೆ. ಗಳೆ ಅಂದರೆ ಅಳತೆಯ ಕೋಲು. ಊರಿಂದ ಊರಿಗೆ ಅದರ ಉದ್ದ ಬೇರೆಯಾಗುತ್ತಿತ್ತು. ಬಳ್ಳಿಗಾವೆಯ ಭೇರುಂಡ ಗಳೆ ಹೆಸರಾದದ್ದು. ಕೋಲಿನ ಹೆಸರು ಹೇಳದೆ ನೆಲದ ಲೆಕ್ಕ ಹೇಳಿದರೆ ಅದು ಲೆಕ್ಕವಲ್ಲ ಅಂತ ಆ ಜನಕ್ಕೆ ಗೊತ್ತಿತ್ತು. ಸಾವಿರ ವರ್ಷ ಕಳೆದು ನಾವು "ಹೊಸ ಆವೃತ್ತಿ ಮೊದಲಿಗಿಂತ ಎರಡು ಪಟ್ಟು ವೇಗ" ಅಂತ ಜಾಹೀರಾತು ಓದಿ ತಲೆಯಾಡಿಸುತ್ತೇವೆ. ಯಾವ ಗಳೆಯಲ್ಲಿ ಅಂತ ಕೇಳುವುದಿಲ್ಲ.

ಇನ್ನು ನನ್ನ ಕಥೆಗೆ ಬರುತ್ತೇನೆ. ಇದರಲ್ಲಿ ಹೆಮ್ಮೆಪಡುವಂಥದ್ದು ಕಡಿಮೆ.

ಕೊಟ್ಟೂರಿನಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಕರೆಂಟು ಹೋದರೆ ಹತ್ತು ನಿಮಿಷ ಕೂಗುವ ಯು.ಪಿ.ಎಸ್ಸು. ಲಗ್ನಪತ್ರಿಕೆ, ತೇರಿನ ಕರಪತ್ರ, ಸಂಘದ ನಡಾವಳಿ, ಬಿಲ್ ಪುಸ್ತಕ. ಟೈಪಿಂಗ್ ಎಲ್ಲ ನುಡಿ ತಂತ್ರಾಂಶದಲ್ಲಿ. ಅದಕ್ಕೆ ಮುಂಚೆ 1998ರಲ್ಲಿ ಬಂದ ಬರಹವೂ ಕೈಗೆ ಪಳಗಿತ್ತು. ಆ ಎರಡು ಇಲ್ಲದಿದ್ದರೆ ತಾಲೂಕು ಕೇಂದ್ರಗಳಲ್ಲಿ ಕಂಪ್ಯೂಟರಿಗೆ ಕನ್ನಡ ಬರುತ್ತಲೇ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಅವನ್ನು ಈಗ ಆಡಿಕೊಳ್ಳುವ ಹುಡುಗರ ಮೇಲೆ ನನಗೆ ಸ್ವಲ್ಪ ಸಿಟ್ಟೇ ಇದೆ.

ಆದರೆ ಒಂದು ತೊಡಕಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಕೂರಿಸಿದ್ದವು. ನಾನು ಕನ್ನಡ ಅಂತ ಒತ್ತಿದರೆ ತೆರೆಯ ಮೇಲೆ ಕನ್ನಡವೇ ಕಾಣುತ್ತಿತ್ತು. ಒಳಗೆ ಕೂತಿದ್ದದ್ದು ಬೇರೆ: ಒಂದು ಪಿ, ತಲೆಯ ಮೇಲೆ ಗೆರೆ ಇಟ್ಟುಕೊಂಡ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎರಡು ಎಸ್ಸಿನ ಅಕ್ಷರ, ಒಂದು ಕ್ಯೂ, ಮತ್ತೆ ಅದೇ ಎ. ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ, ಇಲ್ಲದ ಕಡೆ ಈ ಏಳು ಜನರ ಸಂತೆ. ಒಮ್ಮೆ ಒಂದು ಲಗ್ನಪತ್ರಿಕೆಯ ಕಡತ ಬೇರೆ ಊರಿನ ಪ್ರೆಸ್ಸಿಗೆ ಹೋಗಿ, ಅಲ್ಲಿ ಫಾಂಟು ಇಲ್ಲದೆ, ಮದುಮಗಳ ಹೆಸರಿನ ಜಾಗದಲ್ಲಿ ಪೌಂಡು, ಟೋಪಿ, ಬಾಲ ಎಲ್ಲ ಅಚ್ಚಾಗಿ ಬಂತು. ಹುಡುಗಿಯ ತಂದೆ ಅದನ್ನು ಕೈಯಲ್ಲಿ ಹಿಡಿದು, "ಇದು ಯಾವ ದೇಶದ ಬೀಗರು ಮಾರಾಯ?" ಅಂದರು.

ಇದಕ್ಕೆ ಪರಿಹಾರ ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತ್ತು. ನಾವು ಆ ಮನೆಗೆ ಹೋಗಿ ಕೂರುವುದಕ್ಕೆ ಇಪ್ಪತ್ತು ವರ್ಷ ತೆಗೆದುಕೊಂಡೆವು. ಹೋಗಿ ಅಂತ ಹೇಳಿದವರಲ್ಲೂ ಅನೇಕರು ಒಂದು ಸತ್ಯ ಮುಚ್ಚಿಟ್ಟರು: ಹೊಸ ಮನೆಯ ಬಾಡಿಗೆ ಜಾಸ್ತಿ. ಹಳೆಯ ಪದ್ಧತಿಯಲ್ಲಿ ಕನ್ನಡ ಎಂಬ ಪದಕ್ಕೆ ಏಳು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕ, ನ, ಹಲಂತ, ನ, ಡ ಎಂದು ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಟ್ಟು ಹದಿನೈದು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ, ಕನ್ನಡಕ್ಕೆ 70. ಹಗರಿಬೊಮ್ಮನಹಳ್ಳಿಯವರಿಗೆ ಇದರ ಬಿಸಿ ಹೆಚ್ಚು. ಊರ ಹೆಸರು ಬರೆಯುವುದರಲ್ಲೇ ಹದಿನೈದು ಖರ್ಚು. ಕೂಡ್ಲಿಗಿ, ಕೊಟ್ಟೂರಿನವರು ಎಂಟರಲ್ಲಿ ಮುಗಿಸುತ್ತಾರೆ.

ಈ ಖರ್ಚನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದರೆ ಜನ ಹಿಂಜರಿಯುತ್ತಿದ್ದರೇ? ನನಗೆ ಹಾಗನ್ನಿಸುವುದಿಲ್ಲ. ರೈತ ಬೋರು ಕೊರೆಸುವಾಗ ಎಷ್ಟು ಅಡಿ, ಅಡಿಗೆ ಎಷ್ಟು ರೂಪಾಯಿ ಅಂತ ಕೇಳಿಯೇ ಕೊರೆಸುತ್ತಾನೆ. ಖರ್ಚು ತಿಳಿದ ಮೇಲೂ ಕೊರೆಸುತ್ತಾನೆ. ಸಿಟ್ಟು ಬರುವುದು ಇನ್ನೂರು ಅಡಿ ಅಂತ ಹೇಳಿ ಆರುನೂರಕ್ಕೆ ಬಿಲ್ ಕೊಟ್ಟಾಗ.

ಸುಮಾರು 2011ರ ಹೊತ್ತಿಗೆ ನಾನು ಒಂದು ಪರಿವರ್ತಕ ಬರೆದೆ. ನುಡಿಯಲ್ಲಿ ಟೈಪ್ ಮಾಡಿದ ಕಡತ ಕೊಟ್ಟರೆ ಯೂನಿಕೋಡಿಗೆ ತಿರುಗಿಸಿ ಕೊಡುವ ಪುಟ್ಟ ಪ್ರೋಗ್ರಾಂ. ಎಲ್ಲರಿಗೂ ಉಚಿತ, ಮೂಲಸಂಕೇತವೂ ಬಯಲಿಗೇ ಇಟ್ಟಿದ್ದೆ. ಇಷ್ಟು ಮಾಡಿದ್ದಕ್ಕೇ ಎದೆ ಉಬ್ಬಿತ್ತು.

ಹೂವಿನಹಡಗಲಿ ಕಡೆಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು ಫೋನ್ ಮಾಡಿದರು. ಮೈಲಾರದ ಗೊರವರ ಕಥೆ, ಪದಗಳನ್ನು ಹತ್ತಾರು ವರ್ಷ ಕೂಡಿಹಾಕಿ 400 ಪುಟ ನುಡಿಯಲ್ಲಿ ಟೈಪ್ ಮಾಡಿಸಿಟ್ಟಿದ್ದರು.

"ತಮ್ಮಾ, ನಿನ್ನ ಪ್ರೋಗ್ರಾಂ ಬಾಳ ಚಲೋ ಐತಿ. ಆದ್ರ ನಿಧಾನ ಐತಲ್ಲ?"

"ಸರ್, ನಿಮ್ಮ ಕಂಪ್ಯೂಟರ್ ಹಳೇದಿರಬೇಕು."

ಇದು ಸಾಫ್ಟ್‌ವೇರ್ ಬರೆಯುವವರ ಮೊದಲ ಸುಳ್ಳು. ನನ್ನ ಬಾಯಿಂದ ತಾನಾಗಿಯೇ ಬಂತು. ಮೇಷ್ಟ್ರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: "ಇರಬಹುದು. ಹತ್ತು ಪುಟ ಕೊಟ್ಟು ನೋಡಿದೆ, ಎರಡು ಸೆಕೆಂಡು. ನೂರು ಪುಟ ಕೊಟ್ಟೆ, ಇನ್ನೂರು ಸೆಕೆಂಡು. ನಾನೂರು ಕೊಟ್ಟೆ, ಐವತ್ಮೂರು ನಿಮಿಷ. ಕಂಪ್ಯೂಟರ್ ಹಳೇದಾದ್ರ ಹತ್ತು ಪುಟಕ್ಕೂ ಹಳೇದೇ, ನೂರು ಪುಟಕ್ಕೂ ಹಳೇದೇ ಅಲ್ಲೇನು? ಪುಟ ಹತ್ತು ಪಟ್ಟು ಆದ್ರ ಹೊತ್ತು ನೂರು ಪಟ್ಟು ಯಾಕಾತು?"

ವರ್ಗದ ಲೆಕ್ಕ. ಎಂಟನೇ ತರಗತಿಯ ಗಣಿತ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಕೂತು ನೋಡಿದಾಗ ಗೊತ್ತಾಯಿತು. ಹಡಗಲಿಯಲ್ಲಿ ಮಲ್ಲಿಗೆ ಕಟ್ಟುವ ಹೆಣ್ಣುಮಕ್ಕಳನ್ನು ನೀವೆಲ್ಲ ನೋಡಿದ್ದೀರಿ. ಕಟ್ಟಿದ ಮಾಲೆ ಮಡಿಲಿನಲ್ಲಿ ಸುರುಳಿಯಾಗುತ್ತ ಹೋಗುತ್ತದೆ, ಕಣ್ಣು ಮುಂದಿನ ಎರಡು ಮೊಗ್ಗಿನ ಮೇಲೆ. ಹಾಗಲ್ಲದೆ, ಪ್ರತಿ ಹೊಸ ಮೊಗ್ಗಿಗೂ ಮಾಲೆಯನ್ನು ಪೂರ್ತಿ ಬಿಚ್ಚಿ ಮೊದಲ ಹೂವಿನಿಂದ ಮತ್ತೆ ಕಟ್ಟುತ್ತ ಬಂದರೆ? ಒಂದು ಮೊಳಕ್ಕೆ ಹೇಗೋ ನಡೆದೀತು. ಹತ್ತು ಮಾರಿಗೆ ಬೆಳಗಾಗುತ್ತದೆ, ಹೂ ಬಾಡಿರುತ್ತದೆ. ನನ್ನ ಪ್ರೋಗ್ರಾಂ ಮಾಡುತ್ತಿದ್ದದ್ದು ಅದನ್ನೇ. ಒಂದೊಂದು ಅಕ್ಷರ ತಿರುಗಿಸಿದಾಗಲೂ ಅಲ್ಲಿಯವರೆಗಿನ ಪಠ್ಯವನ್ನೆಲ್ಲ ಹೊಸದಾಗಿ ನಕಲು ಮಾಡಿಕೊಳ್ಳುತ್ತಿತ್ತು.

ಈಗ ಹೇಳಲಿಕ್ಕೆ ನಾಚಿಕೆಯಾಗುವ ಭಾಗ. ಆ ಸಂಕೇತ ಪೂರ್ತಿ ನನ್ನದಲ್ಲ. ಯಾವ ಗುರುತಿಗೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿಯನ್ನೂ, ಅದನ್ನು ಓಡಿಸುವ ಸುತ್ತನ್ನೂ ಕರಾವಳಿ ಕಡೆಯ ಒಬ್ಬರ ಮುಕ್ತ ತಂತ್ರಾಂಶದಿಂದ ತೆಗೆದುಕೊಂಡಿದ್ದೆ. ತೆಗೆದುಕೊಂಡದ್ದು ತಪ್ಪಲ್ಲ. ಅದು ಜಿಪಿಎಲ್ ಪರವಾನಗಿಯಲ್ಲಿತ್ತು. ಬಳಸು, ಬದಲಾಯಿಸು, ಹಂಚು, ಆದರೆ ಹಂಚುವಾಗ ಇದೇ ಹಕ್ಕನ್ನು ಮುಂದಿನವರಿಗೂ ಕೊಡು, ನನ್ನ ಹೆಸರು ಕೀಳಬೇಡ ಎಂಬುದು ಅದರ ಸಾರ. ನಾನು ಕಡತದ ತಲೆಯಲ್ಲಿದ್ದ ಏಳು ಸಾಲು ಅಳಿಸಿಬಿಟ್ಟಿದ್ದೆ. ಅಲ್ಲಿ ನನ್ನ ಹೆಸರು ಹಾಕಿದ್ದೆ.

ಕೆಲವು ದಿನದಲ್ಲಿ ಅವರಿಂದ ಒಂದು ಪತ್ರ ಬಂತು. ಬೈಗುಳ ಇರಲಿಲ್ಲ. "ನಾನು ಮಾಡಿದ ತಪ್ಪು ನಿಮ್ಮಲ್ಲೂ ಇದೆ. ಇಬ್ಬರು ಬೇರೆಬೇರೆ ಕೂತು ಒಂದೇ ತಪ್ಪು ಮಾಡುವುದು ಅಪರೂಪ" ಅಂತ ಬರೆದಿದ್ದರು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ಅವನ ಕಾಗುಣಿತದ ತಪ್ಪಿನ ಸಮೇತ ಇಳಿಸಿ ಸಿಕ್ಕಿಬಿದ್ದ ಹುಡುಗನಂತಾಯಿತು.

ಆ ತಪ್ಪು ಅರ್ಕಾವತ್ತಿನದು. ಸೂರ್ಯ ಎಂದು ಬರೆಯುವಾಗ ನಾವು ಯ ಬರೆದು ಆಮೇಲೆ ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ನುಡಿಯೂ ಕೈಬರಹದ ಕ್ರಮದಲ್ಲೇ ಇಟ್ಟುಕೊಳ್ಳುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಇಡುತ್ತದೆ: ಮೊದಲು ರ್, ಆಮೇಲೆ ಯ. ಹಾಗಾಗಿ ಪರಿವರ್ತಕ ಆ ಅರ್ಕಾವತ್ತನ್ನು ಎತ್ತಿಕೊಂಡು ಹಿಂದಕ್ಕೆ ನಡೆಯಬೇಕು. ಸೂರ್ಯದಲ್ಲಿ ಒಂದು ಹೆಜ್ಜೆ ಸಾಕು. ಮರ್ತ್ಯದಲ್ಲಿ ತ ಮತ್ತು ಯ ಒತ್ತು ಎರಡನ್ನೂ ದಾಟಬೇಕು. ನಮ್ಮ ಪರಿವರ್ತಕ ಒಂದೇ ಹೆಜ್ಜೆ ಇಟ್ಟು ನಿಂತುಬಿಡುತ್ತಿತ್ತು. ಮರ್ತ್ಯ ಹೋಗಿ ಮತರ್ಯ. ಅರ್ಘ್ಯ ಹೋಗಿ ಅಘರ್ಯ.

ಅವರು ಮುಂದಕ್ಕೆ ಬರೆದಿದ್ದರು: "ಇದನ್ನು ಮೇಲಿನ ಸಾಲುಗಳಲ್ಲೇ ಹೇಳಿದ್ದೆನಲ್ಲ?" ಹೋಗಿ ಹಳೆಯ ಪ್ರತಿ ತೆಗೆದೆ. ಅಳಿಸಿದ ಏಳು ಸಾಲಿನಲ್ಲಿ ನಾಲ್ಕು ಅವರ ಹೆಸರು ಮತ್ತು ಲೈಸೆನ್ಸು. ಉಳಿದ ಮೂರು ಹೀಗಿದ್ದವು: ಐವತ್ತು ಪುಟಕ್ಕಿಂತ ದೊಡ್ಡ ಕಡತ ಕೊಡಬೇಡಿ, ತುಂಬಾ ನಿಧಾನವಾಗುತ್ತದೆ. ಒತ್ತಕ್ಷರದ ಮೇಲಿನ ಅರ್ಕಾವತ್ತು ತಪ್ಪುತ್ತದೆ. ಸರಿ ಮಾಡಲು ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಳ್ಳತನ ಮುಚ್ಚಲು ಹೆಸರು ಅಳಿಸಿದೆ, ಅದರ ಜೊತೆ ಎಚ್ಚರಿಕೆಯೂ ಅಳಿಸಿಹೋಯಿತು. ಹಡಗಲಿಯ ಮೇಷ್ಟ್ರು ಐವತ್ಮೂರು ನಿಮಿಷ ಕಾದದ್ದು ಆ ಮೂರು ಸಾಲಿಲ್ಲದ್ದರಿಂದ.

ನಮ್ಮ ಕಡೆ ಒಂದು ಮಾತಿದೆ: ಹಂಪಿ ಹೊರಗ ನೋಡು, ಉಜ್ಜಿನಿ ಒಳಗ ನೋಡು. ಉಜ್ಜಿನಿಯ ಗುಡಿಗೆ ಹೋದವರಿಗೆ ಈ ಮಾತಿನ ಅರ್ಥ ಗೊತ್ತು. ಹೊರಗೆ ನಿಂತು ವಾಪಸಾದವನಿಗೆ ಭುವನೇಶ್ವರಿಯ, ಅಂದರೆ ಒಳಛಾವಣಿಯ, ಕೆತ್ತನೆ ಕಾಣುವುದೇ ಇಲ್ಲ. ತಂತ್ರಾಂಶದಲ್ಲೂ ಹಾಗೇ. ಲೈಸೆನ್ಸು ಬಾಗಿಲು ತೆಗೆಯುತ್ತದೆ, ಅಷ್ಟೇ ಅದರ ಕೆಲಸ. ಒಳಗೆ ದೀಪ ಹಚ್ಚಿಟ್ಟು ಇಲ್ಲಿ ಮೆಟ್ಟಿಲು ಒಡೆದಿದೆ, ನೋಡಿ ಕಾಲಿಡಿ ಅನ್ನುವುದು ಬೇರೆ ಕೆಲಸ. ನಾನು ಬಾಗಿಲು ತೆಗೆದಿಟ್ಟು ದೀಪ ಆರಿಸಿದ್ದೆ.

ಹೊರಗಿನ ಜಗತ್ತಿನಲ್ಲಿ ಇದರ ದೊಡ್ಡ ಕಥೆಯೊಂದು 2024ರ ಮಾರ್ಚಿನಲ್ಲಿ ನಡೆಯಿತು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್, ಪೋಸ್ಟ್‌ಗ್ರೆಸ್ ದತ್ತಸಂಚಯದ ವೇಗ ಅಳೆಯುತ್ತ ಕೂತಿದ್ದ. ದೂರದ ಕಂಪ್ಯೂಟರಿಗೆ ಲಾಗಿನ್ ಆಗುವುದು ಯಾಕೋ ನಿಧಾನ ಅನ್ನಿಸಿತು. ಮೊದಲು 0.299 ಸೆಕೆಂಡು, ಈಗ 0.807. ಅರ್ಧ ಸೆಕೆಂಡಿನ ವ್ಯತ್ಯಾಸ. ನಾವಾಗಿದ್ದರೆ ನೆಟ್ ಸರಿಯಿಲ್ಲ ಅಂದು ಚಹಾ ಕುಡಿಯಲು ಹೋಗುತ್ತಿದ್ದೆವು. ಆತ ಎಳೆ ಹಿಡಿದು ಒಳಕ್ಕೆ ಹೋದ. ಲಿನಕ್ಸ್ ಯಂತ್ರಗಳಲ್ಲಿ ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ಸಣ್ಣ ಸಲಕರಣೆಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಮಾರ್ಚ್ 29ರಂದು ಅದನ್ನು ಅಳತೆಗಳ ಸಮೇತ ಎಲ್ಲರ ಮುಂದೆ ಇಟ್ಟ. ಆ ಆವೃತ್ತಿ ಎಲ್ಲ ಕಡೆ ಹರಡಿದ್ದರೆ ಲೆಕ್ಕವಿಲ್ಲದಷ್ಟು ಸರ್ವರುಗಳ ಕೀಲಿ ಕಳ್ಳರ ಕೈಯಲ್ಲಿರುತ್ತಿತ್ತು.

ಆ ಕಳ್ಳಬಾಗಿಲನ್ನು ಎಬ್ಬಿಸುವ ತುಣುಕು ಎಲ್ಲರಿಗೂ ಕಾಣುವ ಮೂಲಸಂಕೇತದ ಕೋಠಿಯಲ್ಲಿ ಇರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿ ಮಾತ್ರ ಇತ್ತು. ಅಂಗಡಿಯ ಮುಂದೆ ಇಟ್ಟ ಮಾದರಿ ಒಂದು, ಮನೆಗೆ ಕಟ್ಟಿಕೊಟ್ಟ ಚೀಲ ಇನ್ನೊಂದು. ಇನ್ನೂ ಬೇಸರದ ಸಂಗತಿ, ಆ ಸಲಕರಣೆಯನ್ನು ವರ್ಷಗಟ್ಟಲೆ ನೋಡಿಕೊಂಡವನು ಒಬ್ಬನೇ. ಫಿನ್‌ಲೆಂಡಿನ ಲಾಸ್ಸೆ ಕಾಲಿನ್. ಸಂಬಳವಿಲ್ಲದ ಕೆಲಸ. ತನಗೆ ಆಗುತ್ತಿಲ್ಲ, ಮನಸ್ಸು ಸರಿಯಿಲ್ಲ ಅಂತ ಆತ 2022ರಲ್ಲೇ ಬಾಯಿಬಿಟ್ಟು ಹೇಳಿದ್ದ. ಕೈಜೋಡಿಸುತ್ತೇನೆ ಅಂತ ಬಂದವನೇ ಮನೆಗೆ ಕನ್ನ ಹಾಕಿದ. ಪ್ರೋಗ್ರಾಮಿನ ನಿಧಾನ ಹೇಳಿಕೊಳ್ಳುವುದು ಒಂದು ಕಷ್ಟವಾದರೆ, ನನ್ನಿಂದ ಆಗುತ್ತಿಲ್ಲ ಅನ್ನುವುದು ಇನ್ನೊಂದು. ಆತ ಎರಡನೆಯದನ್ನೂ ಹೇಳಿದ. ಕೇಳಿಸಿಕೊಂಡವರು ಕಡಿಮೆ.

ಇದಕ್ಕೆ ಪೂರ್ತಿ ತಿರುಗಾಮುರುಗಾ ಆದ ಕಥೆ ನಲವತ್ತು ವರ್ಷ ಹಳೆಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡಿವಿಟ್ ಮತ್ತು ಜೊತೆಗಾರರು 1980ರ ದಶಕದ ಆರಂಭದಲ್ಲಿ ಹಲವು ದತ್ತಸಂಚಯ ತಂತ್ರಾಂಶಗಳನ್ನು ಒಂದೇ ಗಳೆಯಲ್ಲಿ ಅಳೆದು, ಹೆಸರು ಸಮೇತ ಅಂಕಿ ಪ್ರಕಟಿಸಿದರು. ಒರಾಕಲ್ ಹಿಂದುಳಿದಿತ್ತು. ಅದರ ಒಡೆಯ ಲ್ಯಾರಿ ಎಲಿಸನ್ ಸಿಟ್ಟಾಗಿ ಆ ಪ್ರಾಧ್ಯಾಪಕನನ್ನು ಕೆಲಸದಿಂದ ತೆಗೆಸಲು ನೋಡಿದ ಎಂಬುದು ಆ ವಲಯದಲ್ಲಿ ಎಲ್ಲರೂ ಹೇಳುವ ಮಾತು. ಕೆಲಸ ಹೋಗಲಿಲ್ಲ. ಆದರೆ ಲೈಸೆನ್ಸಿನಲ್ಲಿ ಒಂದು ಹೊಸ ಸಾಲು ಬಂತು: ನಮ್ಮ ಅನುಮತಿ ಇಲ್ಲದೆ ವೇಗದ ಅಳತೆ ಪ್ರಕಟಿಸಬಾರದು. ಬೇರೆ ಕಂಪನಿಗಳೂ ಅದನ್ನು ಎತ್ತಿಕೊಂಡವು. ಇಂದಿಗೂ ಅದನ್ನು ಡಿವಿಟ್ ಷರತ್ತು ಅಂತಲೇ ಕರೆಯುತ್ತಾರೆ. ದುಡ್ಡು ಕೊಟ್ಟು ಕೊಂಡ ಎತ್ತು ಎಷ್ಟು ಎಕರೆ ಉಳುತ್ತದೆ ಅಂತ ಸಂತೆಯಲ್ಲಿ ಹೇಳಬಾರದು ಅಂದ ಹಾಗೆ. ಮುಕ್ತ ತಂತ್ರಾಂಶದ ಲೈಸೆನ್ಸುಗಳಲ್ಲಿ ಇಂಥ ಸಾಲಿಗೆ ಜಾಗವಿಲ್ಲ. ಯಾವ ಉದ್ದೇಶಕ್ಕಾದರೂ ಬಳಸಬಹುದು ಅಂದ ಮೇಲೆ ಅಳೆಯುವುದಕ್ಕೂ ಬಳಸಬಹುದು.

ಮೊಬೈಲಿನಲ್ಲಿ ಆ್ಯಪ್ ಹೊಸದಾದಾಗ ಏನು ಬದಲಾಯಿತು ಅಂತ ಒಂದು ಟಿಪ್ಪಣಿ ಬರುತ್ತದೆ, ಓದಿದ್ದೀರಾ? ಕೆಲವು ದೋಷಗಳನ್ನು ಸರಿಪಡಿಸಲಾಗಿದೆ, ವೇಗ ಹೆಚ್ಚಿಸಲಾಗಿದೆ. ವರ್ಷಪೂರ್ತಿ ಅದೇ ವಾಕ್ಯ. ಯಾವ ದೋಷ, ಎಷ್ಟು ವೇಗ, ಗೊತ್ತಿಲ್ಲ. ಇದಕ್ಕಿಂತ ಮೈಲಾರದ ಕಾರ್ಣಿಕ ವಾಸಿ. ಗೊರವಯ್ಯ ಉಪವಾಸ ಇದ್ದು, ಬಿಲ್ಲು ಏರಿ, ಸದ್ದಲೇ ಅಂತ ಲಕ್ಷಾಂತರ ಜನರನ್ನು ಸುಮ್ಮನಾಗಿಸಿ, ವರ್ಷಕ್ಕೊಮ್ಮೆ ಒಂದು ಸಾಲು ನುಡಿದು ಕೆಳಕ್ಕೆ ಬೀಳುತ್ತಾನೆ. ಅರ್ಥ ಹಚ್ಚುವುದು ಕಷ್ಟವಾದರೂ ವರ್ಷದಿಂದ ವರ್ಷಕ್ಕೆ ಮಾತಾದರೂ ಬದಲಾಗುತ್ತದೆ.

ನಾವೂ ಕಡಿಮೆಯಿಲ್ಲ. ಪಹಣಿಗೆ ಹೋದರೆ, ರೇಷನ್ನಿಗೆ ಹೆಬ್ಬೆಟ್ಟು ಇಟ್ಟರೆ, ಜಾತಿ ಸರ್ಟಿಫಿಕೇಟಿಗೆ ನಿಂತರೆ, "ಸರ್ವರ್ ಇಲ್ಲ" ಎಂಬ ಎರಡು ಮಾತಿಗೆ ತಲೆಬಾಗಿ ಮನೆಗೆ ಬರುತ್ತೇವೆ. ಮಳೆ ಇಲ್ಲ ಅಂದ ಹಾಗೆ. ಮಳೆಗಾದರೂ ಎಷ್ಟು ಮಿಲಿಮೀಟರ್ ಬಿತ್ತು ಅಂತ ಹೋಬಳಿವಾರು ಲೆಕ್ಕ ಇದೆ. ಸರ್ವರ್ ಎಷ್ಟು ಹೊತ್ತು ಇರಲಿಲ್ಲ, ಎಷ್ಟು ಜನ ಕಾದರು, ನಿಂತದ್ದು ನೆಟ್ಟೋ, ದತ್ತಸಂಚಯವೋ, ಬರೆದ ಪ್ರೋಗ್ರಾಮೋ ಅಂತ ಆ ಕೌಂಟರಿನ ಗೋಡೆಯ ಮೇಲೆ ಬರೆದು ಹಾಕಿದ್ದನ್ನು ನಾನು ನೋಡಿಲ್ಲ. ಕೂಲಿ ಬಿಟ್ಟು ಬಂದವನ ಅರ್ಧ ದಿನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಸರ್ಕಾರಿ ತಂತ್ರಾಂಶದ ಮೂಲಸಂಕೇತ ತೆರೆಯುವ ನೀತಿ ಕೇಂದ್ರ ಸರ್ಕಾರದ್ದೇ 2015ರಿಂದ ಇದೆ. ಕೋವಿಡ್ ಕಾಲದ ಆರೋಗ್ಯ ಸೇತು ಆ್ಯಪಿನ ಆಂಡ್ರಾಯ್ಡ್ ಸಂಕೇತವನ್ನು 2020ರ ಮೇ 26ರಂದು ತೆರೆದೂ ಇಟ್ಟರು. ಅದು ಜನ ಕೇಳಿ ಕೇಳಿ ಆದದ್ದು. ಕೇಳುವುದು ನಿಲ್ಲಿಸಿದರೆ ನೀತಿ ಕಾಗದದಲ್ಲೇ ಇರುತ್ತದೆ.

ಲೈಸೆನ್ಸಿನ ಮಾತು ಇನ್ನೂ ಸ್ವಲ್ಪ ಇದೆ. ಇಲ್ಲಿ ಕೂತ ವಿದ್ಯಾರ್ಥಿಗಳಿಗೆ ಇದು ಬೇಕು. ನೀವು ಪ್ರಾಜೆಕ್ಟಿಗೆ ಬರೆದ ಸಂಕೇತವನ್ನು ಬಯಲಿಗೆ ಇಟ್ಟ ಮಾತ್ರಕ್ಕೆ ಅದು ದಾನವಾಗುವುದಿಲ್ಲ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆ, ತಿದ್ದುಪಡಿಗಳ ನಂತರ, ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿ ಅಂತಲೇ ಲೆಕ್ಕ ಹಿಡಿಯುತ್ತದೆ. ನಮ್ಮ ಕುಂವೀಯವರ ಕಾದಂಬರಿಗೆ ಇರುವ ರಕ್ಷಣೆಯೇ ನಿಮ್ಮ ಇಪ್ಪತ್ತು ಸಾಲಿನ ಪ್ರೋಗ್ರಾಮಿಗೂ ಇದೆ, ಬರೆದವರು ತೀರಿಕೊಂಡ ಮೇಲೂ ಅರವತ್ತು ವರ್ಷ. ಲೈಸೆನ್ಸ್ ಬರೆಯದಿದ್ದರೆ ಅದನ್ನು ಯಾರೂ ಮುಟ್ಟುವಂತಿಲ್ಲ. ಬಾಗಿಲು ತೆಗೆದಿದೆ, ಒಳಗೆ ಬಾ ಅಂದವರಿಲ್ಲ.

ಅರವತ್ತರ ಮಾತು ಬಂತು, ಒಂದು ತಮಾಷೆ ಹೇಳುತ್ತೇನೆ. ಶಾಸನದ ಶಾಪ ಅರವತ್ತು ಸಾವಿರ ವರ್ಷ. 2007ರ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಷರತ್ತು ಮುರಿದವನು ತಪ್ಪು ನಿಲ್ಲಿಸಿದ ಮೇಲೆ, ಅರವತ್ತು ದಿನದೊಳಗೆ ಒಡೆಯನಿಂದ ನೋಟೀಸು ಬರದಿದ್ದರೆ, ಹಕ್ಕು ಕಾಯಂ ವಾಪಸು. ಮೊದಲ ಸಲದ ತಪ್ಪಾದರೆ ನೋಟೀಸು ಬಂದ ಮೇಲೂ ಮೂವತ್ತು ದಿನದಲ್ಲಿ ತಿದ್ದಿಕೊಳ್ಳಬಹುದು. ನಾನು ಬದುಕಿಕೊಂಡದ್ದು ಆ ಮೂವತ್ತು ದಿನದಲ್ಲಿ.

ಫಾಂಟಿನವರದು ಇನ್ನೊಂದು ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೆಸರಿನಲ್ಲಿ ಬಂದ ಕೇದಗೆ, ಮಲ್ಲಿಗೆ ಎಂಬ ಕನ್ನಡ ಫಾಂಟುಗಳು ಜಿಪಿಎಲ್‌ನಲ್ಲಿ ಇದ್ದವು. ಆಮೇಲೆ ಅರವಿಂದ ವಿ.ಕೆ. ಅವರಿಂದ ಗುಬ್ಬಿ, ನವಿಲು ಬಂದವು. ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳನ್ನು ಹಾಕಿಕೊಂಡವರಿಗೆ ಇವು ಪರಿಚಿತ. ಕೆಂಪು ಟೋಪಿ ಕಂಪನಿ ರೆಡ್ ಹ್ಯಾಟ್ ಹಂಚಿದ ಲೋಹಿತ್ ಫಾಂಟುಗಳು ಮೊದಲು ಜಿಪಿಎಲ್‌ನಲ್ಲಿದ್ದು, 2011ರಲ್ಲಿ ಓಎಫ್‌ಎಲ್ ಎಂಬ ಫಾಂಟಿನ ಪರವಾನಗಿಗೆ ಬದಲಾದವು. ಓಎಫ್‌ಎಲ್‌ನಲ್ಲಿ ನನಗೆ ಇಷ್ಟವಾದ ಒಂದು ಷರತ್ತಿದೆ. ಫಾಂಟನ್ನು ಯಾರು ಬೇಕಾದರೂ ತಿದ್ದಬಹುದು, ಆದರೆ ಮೂಲದವರು ಹೆಸರು ಕಾದಿರಿಸಿದ್ದರೆ ತಿದ್ದಿದ್ದಕ್ಕೆ ಆ ಹೆಸರು ಇಡುವಂತಿಲ್ಲ. ಹಡಗಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲ್ಲಿಗೆಯನ್ನು ಯಾರು ಎಲ್ಲಿ ಬೇಕಾದರೂ ಬೆಳೆಯಲಿ. ಹಡಗಲಿ ಮಲ್ಲಿಗೆ ಎಂಬ ಹೆಸರು ಭೌಗೋಳಿಕ ಸೂಚಕದ ಪಟ್ಟಿಯಲ್ಲಿದೆ, ಅದು ಈ ನೆಲದ ಹೂವಿಗೇ.

ಕೊಟ್ಟ ದತ್ತಿಯ ಷರತ್ತು ನಡುವೆ ಬದಲಾದರೆ ಏನಾಗುತ್ತದೆ ಅಂತ ರೆಡಿಸ್ ಎಂಬ ತಂತ್ರಾಂಶದಲ್ಲಿ ನೋಡಿದೆವು. 2009ರಿಂದ ತುಂಬಾ ಸಡಿಲ ಲೈಸೆನ್ಸಿನಲ್ಲಿದ್ದದ್ದನ್ನು 2024ರ ಮಾರ್ಚಿನಲ್ಲಿ ಕಂಪನಿ ಬಿಗಿ ಮಾಡಿತು. ದೊಡ್ಡ ಕ್ಲೌಡ್ ಕಂಪನಿಗಳು ನಮ್ಮ ಕೆಲಸದಲ್ಲಿ ದುಡ್ಡು ಮಾಡುತ್ತಿವೆ ಎಂಬ ದೂರು ಸುಳ್ಳೇನಲ್ಲ. ಆದರೆ ಹಳೆಯ ಆವೃತ್ತಿಯ ದಾನಪತ್ರ ಹಾಗೇ ಉಳಿದಿತ್ತು, ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆ ತಿಂಗಳೇ ಅದರಿಂದ ವಾಲ್ಕಿ ಎಂಬ ಕವಲು ಹುಟ್ಟಿತು. 2025ರ ಮೇನಲ್ಲಿ ರೆಡಿಸ್ ಮತ್ತೆ ಮುಕ್ತ ಲೈಸೆನ್ಸಿಗೆ ಬಂತು. ಜನ ಪೂರ್ತಿ ವಾಪಸು ಬರಲಿಲ್ಲ.

ನನ್ನ ಪರಿವರ್ತಕಕ್ಕೆ ಏನಾಯಿತು ಅಂತ ಕೆಲವರು ಕೇಳಬಹುದು. ಅಳಿಸಿದ ಏಳು ಸಾಲು ವಾಪಸು ಹಾಕಿದೆ. ಅದರ ಕೆಳಗೆ ಯಾವಾಗ, ಯಾಕೆ ಅಳಿಸಿದ್ದೆ ಅಂತ ಒಂದು ಸಾಲು ಬರೆದೆ. ಅದನ್ನು ಬರೆಯುವುದಕ್ಕೆ ಮೂರು ದಿನ ಬೇಕಾಯಿತು. ಕರಾವಳಿಯವರೂ ನಾನೂ ಸೇರಿ ಮಾಲೆ ಬಿಚ್ಚುವ ಆ ಸುತ್ತನ್ನು ಕಿತ್ತೆಸೆದೆವು. ಕಟ್ಟಿದ ತುಣುಕುಗಳನ್ನು ಒಂದು ಕಡೆ ಗುಡ್ಡೆ ಹಾಕಿ ಕೊನೆಗೆ ಒಂದೇ ಸಲ ಜೋಡಿಸುವುದು, ಅಷ್ಟೇ. ಅರ್ಕಾವತ್ತಿಗೆ ಒತ್ತಕ್ಷರ ದಾಟಿ ಹಿಂದಕ್ಕೆ ನಡೆಯುವುದನ್ನೂ ಕಲಿಸಿದೆವು. ಆಮೇಲೆ ಹೊಸ ಆವೃತ್ತಿಯ ಟಿಪ್ಪಣಿ ಬರೆಯಲು ಕೂತಾಗ ನನ್ನ ಕೈ ತಾನಾಗಿಯೇ "ವೇಗ ಹೆಚ್ಚಿಸಲಾಗಿದೆ" ಅಂತ ಬರೆಯಿತು. ಅಳಿಸಿದೆ. ಮೇಷ್ಟ್ರಿಗೆ ಫೋನ್ ಮಾಡಿದೆ.

"ಸರ್, ನಿಮ್ಮ ಕಂಪ್ಯೂಟರಿನಲ್ಲೇ ಅಳೆದು ಹೇಳಬೇಕು."

"ಹಳೇದೈತಲ್ಲಪಾ?"

"ಅದಕ್ಕೇ ಬೇಕು."

ಅವರು ಮೂರು ಸಲ ಅಳೆದು, ಮೂರನ್ನೂ ಬರೆಸಿದರು. 400 ಪುಟಕ್ಕೆ ಒಂದು ಸಲ 8 ಸೆಕೆಂಡು, ಒಂದು ಸಲ 9, ಇನ್ನೊಂದು ಸಲ 14. ಹದಿನಾಲ್ಕು ಬಿಟ್ಟುಬಿಡಲೇ ಅಂದೆ. "ಯಾಕ ಬಿಡ್ತಿ? ಆಗ ಮೊಮ್ಮಗ ಹಾಡು ಹಚ್ಚಿದ್ದ. ಅದನ್ನೂ ಬರಿ" ಅಂದರು. ಟಿಪ್ಪಣಿಯಲ್ಲಿ ಕಂಪ್ಯೂಟರಿನ ವಯಸ್ಸು, ಮೆಮೊರಿ, ಮೂರೂ ಅಂಕಿ, ಮೊಮ್ಮಗನ ಹಾಡು ಎಲ್ಲ ಇದೆ. ಆ ಟಿಪ್ಪಣಿ ಓದಿ ಒಬ್ಬ ಹುಡುಗ, ನಾನು ಕಾಣದ ಊರಿನವನು, ಇನ್ನೂ ಎರಡು ಸೆಕೆಂಡು ಇಳಿಸುವ ದಾರಿ ಕಳಿಸಿದ.

ಮೇಷ್ಟ್ರ ಪುಸ್ತಕ ಅಚ್ಚಾಯಿತು. ಮೈಲಾರಲಿಂಗ ಮರ್ತ್ಯಲೋಕಕ್ಕೆ ಇಳಿದು ಬರುವ ಕಥೆ, ಆ ಪದ ಎಷ್ಟು ಸಲ ಬಂದಿದೆಯೋ. ಒಂದು ಪ್ರತಿ ಅಂಚೆಯಲ್ಲಿ ನನಗೆ ಬಂತು. ಎರಡು ಪುಟಗಳ ಮೂಲೆ ಮಡಚಿತ್ತು. ಅಲ್ಲಿ, ಸಾಲಿನ ಕೊನೆಗೆ ಪದ ಒಡೆದು ಅಡ್ಡಗೆರೆ ಬಿದ್ದ ಕಡೆ, ಮೈಲಾರಲಿಂಗ ಮತರ್ಯಲೋಕಕ್ಕೇ ಇಳಿದಿದ್ದ. ಕೆಂಪು ಮಸಿಯಲ್ಲಿ ಗೆರೆ, ಪಕ್ಕದಲ್ಲಿ ಶಾಲೆಯಲ್ಲಿ ಹಾಕುವಂಥ ತಪ್ಪಿನ ಗುರುತು. ಒಳಗಿಟ್ಟ ಚೀಟಿಯಲ್ಲಿ ಒಂದೇ ಸಾಲು: "ತಮ್ಮಾ, 212 ಮತ್ತು 318. ಇವೂ ಮೇಲಿನ ಸಾಲಿಗೆ ಸೇರಲಿ."